ಅಲುಗಾಡಿದ ಚಿತ್ರಗಳ ಚರಿತ್ರೆ

ಬೀದರಿನ ಮಹಮೂದ್ ಗವಾನ್ ಮದರಸಾದ ಮುಂದೆ ಮೊಬೈಲ್ ಹಿಡಿದು ನಿಂತವರನ್ನು ಸ್ವಲ್ಪ ಹೊತ್ತು ಗಮನಿಸಿ. ಮೊದಲು ಎಲ್ಲರೂ ಕಟ್ಟಡದ ನಟ್ಟನಡುವೆ ನಿಲ್ಲುತ್ತಾರೆ. ಆಮೇಲೆ ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತಾರೆ, ಮೊಬೈಲನ್ನು ಕೊಂಚ ಓರೆ ಮಾಡುತ್ತಾರೆ, ಕೊನೆಗೆ ಒಂಟಿ ಮಿನಾರು ಮತ್ತು ಅದರ ಮೈಮೇಲೆ ಉಳಿದಿರುವ ನೀಲಿ ಹೆಂಚುಗಳು ಮಾತ್ರ ಬರುವ ಹಾಗೆ ಚೌಕಟ್ಟು ಹೊಂದಿಸಿ ಕ್ಲಿಕ್ಕಿಸುತ್ತಾರೆ. ಕಟ್ಟಡದ ಇನ್ನೊಂದು ಪಕ್ಕ ಚಿತ್ರದಿಂದ ಹೊರಗುಳಿಯುತ್ತದೆ. ಆ ಪಕ್ಕ ಮುರಿದದ್ದು. 1472ರಲ್ಲಿ ಬಹಮನಿಗಳ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಈ ವಿದ್ಯಾಲಯದ ಮುಂಭಾಗ 17ನೇ ಶತಮಾನದ ಕೊನೆಗೆ, ಮೊಘಲರ ಆಳ್ವಿಕೆಯ ಕಾಲದಲ್ಲಿ, ಸಿಡಿಮದ್ದು ಸಿಡಿದು ಕುಸಿಯಿತು ಎಂದು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಓದುವ ಜಾಗ ಮದ್ದಿನ ಮನೆಯಾದದ್ದು, ಒಂದು ಸಾಮ್ರಾಜ್ಯ ಇನ್ನೊಂದನ್ನು ನುಂಗಿದ್ದು, ಇದನ್ನೆಲ್ಲ ಹೇಳುವುದು ಆ ಮುರಿದ ಪಕ್ಕವೇ. ಚೆಂದದ ಫೋಟೋ ಬೇಕೆಂದವರು ಬಿಟ್ಟುಬಿಡುವುದೂ ಅದನ್ನೇ.

ಇದು ಪ್ರವಾಸಿಗರ ತಪ್ಪೆಂದು ಹೇಳುತ್ತಿಲ್ಲ. ‘ಫೋಟೋ ಚೆನ್ನಾಗಿ ಬರಬೇಕು’ ಎಂಬ ಆಸೆ ಕ್ಯಾಮೆರಾದಷ್ಟೇ ಹಳೆಯದು. ಆ ಆಸೆಗೂ ಒಂದು ಚರಿತ್ರೆಯಿದೆ. ಅದನ್ನು ಯಾರು ಹುಟ್ಟುಹಾಕಿದರು, ಅದಕ್ಕಾಗಿ ಏನನ್ನು ಬಲಿಕೊಟ್ಟರು, ಯಾರು ಯಾವಾಗ ಅದನ್ನು ಕೈಬಿಟ್ಟರು ಎಂಬುದನ್ನು ನಮ್ಮ ಸೀಮೆಯಲ್ಲಿ ನಿಂತು ನೋಡುವ ಪ್ರಯತ್ನ ಈ ಬರಹ. ನಮ್ಮ ಸೀಮೆ ಎಂದರೆ ಬೀದರ್, ಭಾಲ್ಕಿ, ಔರಾದ್. ಅದರಲ್ಲೂ ಔರಾದ್ ತಾಲೂಕಿನ ಚಿಂತಾಕಿ. ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ, ನಡುವೆ ಕನ್ನಡ, ಮರಾಠಿ, ಉರ್ದು, ತೆಲುಗುಗಳನ್ನು ಒಂದೇ ಬಾಯಲ್ಲಿ ಬೆರೆಸಿ ಆಡುವ ಜನ. ಮಾತಿನಲ್ಲಿ ಪರಿಶುದ್ಧತೆಯನ್ನು ಎಂದೋ ಬಿಟ್ಟುಕೊಟ್ಟ ಈ ಊರುಗಳು ಫೋಟೋದ ವಿಷಯದಲ್ಲಿ ಮಾತ್ರ ಅದನ್ನು ಬಿಡದೆ ಹಿಡಿದುಕೊಂಡಿವೆ.

ಮೋಡ ಬರೆದವರು

ಫ್ರಾನ್ಸಿನಲ್ಲಿ ಡಾಗೆರ್ ತನ್ನ ವಿಧಾನವನ್ನು ಪ್ರಕಟಿಸಿದ್ದು 1839ರಲ್ಲಿ. ಇಂಗ್ಲೆಂಡಿನ ಟಾಲ್ಬಟ್ ಕಾಗದದ ನೆಗೆಟಿವ್ ವಿಧಾನಕ್ಕೆ ಹಕ್ಕುಪತ್ರ ಪಡೆದದ್ದು 1841ರಲ್ಲಿ. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಕಂಪನಿ ಸರ್ಕಾರದ ಸೈನ್ಯಾಧಿಕಾರಿಗಳು ನಮ್ಮ ದೇವಾಲಯಗಳ ಮುಂದೆ ಮೂರು ಕಾಲಿನ ಸ್ಟ್ಯಾಂಡು ಹೂಡಿದ್ದರು. ಕ್ಯಾಪ್ಟನ್ ಲಿನಿಯಸ್ ಟ್ರೈಪ್ 1854ರಲ್ಲಿ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದ. ಮರುವರ್ಷ ಮದರಾಸಿನಲ್ಲಿ ನಡೆದ ಪ್ರದರ್ಶನದಲ್ಲಿ ಅವನ 68 ಚಿತ್ರಗಳು ಇದ್ದವು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯಲ್ಲಿ ಮೇಣ ಸವರಿದ ದೊಡ್ಡ ಕಾಗದಗಳ ಮೇಲೆ ನೆಗೆಟಿವ್‌ಗಳನ್ನು ಮಾಡಿದ. ಒಂದು ಶತಮಾನಕ್ಕೂ ಹೆಚ್ಚು ಕಾಲ ಕಣ್ಮರೆಯಾಗಿದ್ದ ಅವು 1980ರ ದಶಕದಲ್ಲಿ ಬೆಳಕಿಗೆ ಬಂದವು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದರು.

ಟ್ರೈಪ್ ಕಟ್ಟುನಿಟ್ಟಿನ ಮನುಷ್ಯ. ಅವನ ಕಾಲದ ರಾಸಾಯನಿಕಗಳಿಗೆ ನೀಲಿ ಬೆಳಕು ಬೇಗ ತಾಗುತ್ತಿತ್ತು, ಕೆಂಪು ಬೆಳಕು ತಾಗುತ್ತಲೇ ಇರಲಿಲ್ಲ. ಹಾಗಾಗಿ ಕಟ್ಟಡದ ವಿವರ ಮೂಡುವಷ್ಟು ಹೊತ್ತು ಲೆನ್ಸ್ ತೆರೆದಿಟ್ಟರೆ ಆಕಾಶ ಬರಿದಾಗಿ, ಬಿಳಿ ಗೋಡೆಯ ಹಾಗೆ ಕಾಣುತ್ತಿತ್ತು. ಟ್ರೈಪ್‌ಗೆ ಅದು ಸಹಿಸಲಾಗಲಿಲ್ಲ. ಅವನು ಕುಂಚ ಹಿಡಿದು ನೆಗೆಟಿವ್‌ಗಳ ಮೇಲೆ ಬಣ್ಣದಿಂದ ಮೋಡಗಳನ್ನು ಬರೆದ, ಮರದ ಎಲೆಗಳನ್ನು ತಿದ್ದಿದ. ಇಂದು ನಾವು 19ನೇ ಶತಮಾನದ ನಿಜವಾದ ಆಕಾಶ ಎಂದು ನೋಡುವ ಕೆಲವು ಮೋಡಗಳು ಒಬ್ಬ ಸೈನ್ಯಾಧಿಕಾರಿಯ ಚಿತ್ರಕಲೆ.

ಈ ರಾಸಾಯನಿಕ ಗುಣ ನಮ್ಮ ಬೀದರಿಗೆ ಹೇಗೆ ಅನ್ವಯಿಸುತ್ತದೆ ನೋಡಿ. ಬೀದರ್ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಕೋಟೆಯ ಕಂದಕ ಕೊರೆದದ್ದೂ ಆ ಕೆಂಪು ಕಲ್ಲಿನಲ್ಲೇ. ಮದರಸಾದ ಹೆಂಚು ನೀಲಿ. ಕೆಂಪನ್ನು ಕಾಣದ, ನೀಲಿಯನ್ನು ಅತಿಯಾಗಿ ಕಾಣುವ ಹಳೆಯ ಫಲಕದ ಮೇಲೆ ಕೆಂಪು ಕಲ್ಲು ಕಪ್ಪಿಗೆ ತಿರುಗುತ್ತದೆ, ನೀಲಿ ಹೆಂಚು ಪೇಲವವಾಗುತ್ತದೆ. ಅಂದರೆ ಛಾಯಾಗ್ರಾಹಕ ಎಷ್ಟೇ ನುರಿತವನಾಗಿದ್ದರೂ, ಫಲಕ ಎಷ್ಟೇ ಚೊಕ್ಕವಾಗಿದ್ದರೂ, ಆ ಕಾಲದ ಅತ್ಯುತ್ತಮ ಚಿತ್ರದಲ್ಲಿ ಬೀದರಿನ ಬಣ್ಣಗಳ ಲೆಕ್ಕ ತಲೆಕೆಳಗಾಗಿರುತ್ತದೆ. ಪರಿಪೂರ್ಣ ಎಂದರೆ ಯಾವುದಕ್ಕೆ ಪರಿಪೂರ್ಣ ಎಂದು ಕೇಳಬೇಕಾಗುವುದು ಇಲ್ಲಿ.

ಇನ್ನೊಂದು ನಷ್ಟ ಜನರದ್ದು. ಲೆನ್ಸ್ ಹಲವು ಸೆಕೆಂಡು, ಕೆಲವೊಮ್ಮೆ ನಿಮಿಷಗಟ್ಟಲೆ ತೆರೆದಿರುತ್ತಿದ್ದ ಕಾಲದಲ್ಲಿ ನಡೆದಾಡುವವರು ಚಿತ್ರದಲ್ಲಿ ಮೂಡುತ್ತಿರಲಿಲ್ಲ. ಮೂಡಿದರೂ ಹೊಗೆಯ ಎಳೆಯ ಹಾಗೆ. ಗುಡಿಯ ಮುಂದೆ ದಿನವಿಡೀ ಓಡಾಡುವ ಪೂಜಾರಿ, ಕಸ ಗುಡಿಸುವವಳು, ಹೊಲಕ್ಕೆ ಹೊರಟ ಎತ್ತು ಎಲ್ಲ ಮಾಯ. ಅಲುಗಾಡದ ಕಲ್ಲು ಮಾತ್ರ ಉಳಿಯಿತು. ಆಮೇಲೆ ಬಂದವರು ಈ ಚಿತ್ರಗಳನ್ನು ನೋಡಿ, ಹಾಳು ಬಿದ್ದ ಊರು, ಜನರಿಲ್ಲದ ನಾಡು ಎಂದು ಭಾವಿಸಿದರೆ ಆಶ್ಚರ್ಯವಿಲ್ಲ. ಫಲಕದ ಮೇಲಿನ ಆ ಮಸುಕು ಎಳೆ ಕಂಡಾಗ ಅಂದಿನ ಛಾಯಾಗ್ರಾಹಕ ಬೇಸರ ಪಟ್ಟಿರಬಹುದು. ಇಂದು ಚರಿತ್ರೆ ಓದುವವರು ಭೂತಗನ್ನಡಿ ಹಿಡಿದು ಹುಡುಕುವುದು ಅದೇ ಎಳೆಯನ್ನು. ಅಲ್ಲೊಬ್ಬ ಮನುಷ್ಯ ಇದ್ದ, ಅವನಿಗೆ ನಿಲ್ಲಲು ಪುರುಸೊತ್ತಿರಲಿಲ್ಲ ಎಂಬುದಕ್ಕೆ ಅದು ಸಾಕ್ಷಿ.

ನಿಜಾಮರ ನಾಡಿನಲ್ಲಿ ಕ್ಯಾಮೆರಾ

ಬೀದರ್ ಆಗ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿತ್ತು. ಇಲ್ಲಿನ ಸ್ಮಾರಕಗಳ ಬಗ್ಗೆ ಜೇಮ್ಸ್ ಬರ್ಜೆಸ್ ಬರೆದ ವರದಿ, 1875-76ರ ಸಮೀಕ್ಷೆಯ ಫಲ, 1878ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದರ ಹೆಸರಿನಲ್ಲೇ ಬೀದರ್ ಮತ್ತು ಔರಂಗಾಬಾದ್ ಜಿಲ್ಲೆಗಳು ಜೊತೆಯಾಗಿವೆ. ಅದಾದ ಮೇಲೆ ಬಂದವರು ಲಾಲಾ ದೀನ್ ದಯಾಳ್. 1844ರಲ್ಲಿ ಮೀರತ್ ಬಳಿಯ ಸರ್ಧನಾದಲ್ಲಿ ಹುಟ್ಟಿ, ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತು, ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸದಲ್ಲಿದ್ದಾಗ ಕ್ಯಾಮೆರಾ ಹಿಡಿದ ಇವರು ಮುಂದೆ ಆರನೇ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾದರು. ‘ರಾಜಾ’ ಎಂಬ ಬಿರುದು ಪಡೆದರು. ಸಿಕಂದರಾಬಾದಿನಲ್ಲಿ ದೊಡ್ಡ ಸ್ಟುಡಿಯೋ ಕಟ್ಟಿದರು. 1892ರಲ್ಲಿ ಹೈದರಾಬಾದಿನಲ್ಲಿ ಗೋಷಾ ಹೆಂಗಸರಿಗಾಗಿಯೇ ಬೇರೆ ಸ್ಟುಡಿಯೋ ತೆರೆದು ಅದರ ಹೊಣೆಯನ್ನು ಒಬ್ಬ ಮಹಿಳೆಗೆ ವಹಿಸಿದರು. ನಿಜಾಮರ ಸೀಮೆಯ ದೃಶ್ಯಗಳೆಂದು ಅವರು ಸಿದ್ಧಪಡಿಸಿದ ಆಲ್ಬಮ್ಮಿನಲ್ಲಿ ಬೀದರಿನ ಕಟ್ಟಡಗಳೂ ಇವೆ. 1905ರಲ್ಲಿ ಅವರು ತೀರಿಕೊಂಡರು. 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಅವರ 2857 ಗಾಜಿನ ನೆಗೆಟಿವ್‌ಗಳನ್ನು ಪಡೆಯಿತು.

ದೀನ್ ದಯಾಳರ ಕೆಲಸ ನೋಡಿದರೆ ಕಣ್ಣು ತಂಪಾಗುತ್ತದೆ. ಗೆರೆ ಗೆರೆಯೂ ಸ್ಪಷ್ಟ, ನೆರಳಿನಲ್ಲೂ ವಿವರ. ಆದರೆ ಆ ಕಾಲದ ಸ್ಟುಡಿಯೋದಲ್ಲಿ ಚಿತ್ರವೊಂದು ಸಿದ್ಧವಾಗುವುದು ಕ್ಯಾಮೆರಾದಲ್ಲಿ ಮಾತ್ರ ಅಲ್ಲ, ತಿದ್ದುವವನ ಮೇಜಿನ ಮೇಲೂ. ಗಾಜಿನ ಫಲಕವನ್ನು ಕಿಟಕಿಯ ಬೆಳಕಿಗೆ ಒಡ್ಡಿ, ಚೂಪಾದ ಪೆನ್ಸಿಲಿನಿಂದ ಮುಖದ ಕಲೆ, ಸುಕ್ಕುಗಳನ್ನು ಮರೆಮಾಡುವುದು ಆಗಿನ ಒಂದು ಉದ್ಯೋಗವೇ ಆಗಿತ್ತು. ರಾಜರು ಹೇಗೆ ಕಾಣಬೇಕೋ ಹಾಗೆ ಕಾಣುವುದು ಅಲ್ಲಿ ಆಡಳಿತದ ಒಂದು ಭಾಗ. ಪರಿಪೂರ್ಣತೆ ಎಂಬುದು ನಮ್ಮ ಸೀಮೆಗೆ ಕಾಲಿಟ್ಟದ್ದು ದರಬಾರಿನ ಬಾಗಿಲಿನಿಂದ ಎಂಬುದನ್ನು ಮರೆಯಬಾರದು.

ಅದೇ ಸಾಲಿನ ಕೊನೆಯ ದೊಡ್ಡ ಕೃತಿ ಗುಲಾಂ ಯಜ್ದಾನಿಯವರದ್ದು. ಹೈದರಾಬಾದ್ ರಾಜ್ಯದಲ್ಲಿ 1914ರಲ್ಲಿ ಪುರಾತತ್ವ ಇಲಾಖೆ ಆರಂಭವಾದಾಗಿನಿಂದ ದಶಕಗಳ ಕಾಲ ಅದನ್ನು ನಡೆಸಿದ ಯಜ್ದಾನಿ ಬೀದರಿನ ಚರಿತ್ರೆ ಮತ್ತು ಸ್ಮಾರಕಗಳ ಬಗ್ಗೆ ಬರೆದ ಬೃಹತ್ ಗ್ರಂಥ 1947ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಹೊರಬಂತು. ಬೀದರಿನ ಬಗ್ಗೆ ಸಂಶೋಧನೆಗೆ ಇಳಿದವರೆಲ್ಲ ಇಂದಿಗೂ ಅದರ ಪುಟ ತಿರುವಲೇಬೇಕು. ಅಷ್ಟೂರಿನ ಗೋರಿಗಳು, ಮುತ್ತಿನ ಚಿಪ್ಪಿನ ಕುಸುರಿಯಿರುವ ರಂಗೀನ್ ಮಹಲ್, ಕೋಟೆಯ ಬಾಗಿಲುಗಳು ಎಲ್ಲವೂ ಅಳತೆ, ನಕ್ಷೆ, ಚಿತ್ರಗಳ ಸಮೇತ ದಾಖಲಾಗಿವೆ. ಅದು ಇಲ್ಲದಿದ್ದರೆ ನಾವು ಎಷ್ಟೋ ವಿಷಯಗಳಲ್ಲಿ ಕುರುಡರಾಗಿರುತ್ತಿದ್ದೆವು.

ಆದರೆ ಇಂಥ ಸ್ಮಾರಕ ಚಿತ್ರಣಕ್ಕೆ ಒಂದು ರೂಢಿಯಿದೆ. ಚೌಕಟ್ಟಿನಲ್ಲಿ ಮನುಷ್ಯ ಕಾಣಿಸಿಕೊಂಡರೆ ಅವನು ಅಳತೆಗೋಲು. ಕಮಾನು ಎಷ್ಟು ಎತ್ತರ ಎಂದು ತೋರಿಸಲು ಅದರ ಕೆಳಗೆ ಒಬ್ಬನನ್ನು ನಿಲ್ಲಿಸುತ್ತಾರೆ. ಅವನ ಹೆಸರು ಅಡಿಬರಹದಲ್ಲಿ ಇರುವುದಿಲ್ಲ. ಯಜ್ದಾನಿಯವರ ಗ್ರಂಥ ಬಂದ ಮರುವರ್ಷ, 1948ರಲ್ಲಿ, ಈ ಜಿಲ್ಲೆಯ ಹಳ್ಳಿಗಳು ಕಂಡ ದಿನಗಳನ್ನು ನೆನೆಯಿರಿ: ಮೇ ತಿಂಗಳಲ್ಲಿ ಗೋರ್ಟಾದ ಮೇಲೆ ರಜಾಕಾರರ ದಾಳಿ, ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ, ಅದರ ಹಿಂದೆ ಮುಂದೆ ಎರಡೂ ಕಡೆಯ ಬಡವರ ಮನೆಗಳಲ್ಲಿ ನಡೆದ ಸಾವು ನೋವು. ಆ ವರ್ಷವನ್ನು ನಾವು ಮುಖ್ಯವಾಗಿ ತಿಳಿದಿರುವುದು ಹಿರಿಯರ ಬಾಯಿಮಾತಿನಿಂದ. ಗೋರಿಗಳ ನುಣುಪಾದ ಚಿತ್ರಗಳು ಕಪಾಟಿನಲ್ಲಿವೆ. ಓಡುತ್ತಿದ್ದವರ ಮಸುಕು ಚಿತ್ರಗಳಿಗಾಗಿ ಸಂಶೋಧಕರು ಮನೆ ಮನೆ ಅಲೆಯಬೇಕು.

ಬೆಳ್ಳಿ ಮತ್ತು ಕಪ್ಪು

ಬೀದರಿನವರಿಗೆ ಬೆಳ್ಳಿ ಮತ್ತು ಕಪ್ಪಿನ ಸಂಬಂಧ ಕ್ಯಾಮೆರಾ ಬರುವ ಮೊದಲೇ ಗೊತ್ತಿತ್ತು. ಬಿದ್ರಿ ಕೆಲಸದಲ್ಲಿ ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಗೆರೆ ಕೊರೆದು ಬೆಳ್ಳಿ ಕೂರಿಸುತ್ತಾರೆ. ಆಮೇಲೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಲ್ಲಿ ಉಜ್ಜಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಫಿಲ್ಮಿನಲ್ಲಿ ಇದರ ಉಲ್ಟಾ: ಬೆಳಕು ತಾಗಿದ ಬೆಳ್ಳಿಯ ಲವಣವೇ ಕಪ್ಪಾಗುತ್ತದೆ.

ಬಿದ್ರಿಯಿಂದ ಕಲಿಯಬೇಕಾದ್ದು ಈ ಸಾಮ್ಯಕ್ಕಿಂತ ಹೆಚ್ಚಿನದು. ಈ ಕಸುಬಿನವರ ಕೈಯಷ್ಟು ನಿಖರವಾದ ಕೈ ಇನ್ನೊಂದಿಲ್ಲ. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿಯವರ ಕೆಲಸ ಕಂಡವರಿಗೆ ಇದು ಗೊತ್ತು. ಆದರೂ ಕೊನೆಯ ಹಂತದಲ್ಲಿ ಕುಶಲಕರ್ಮಿ ಮಣ್ಣನ್ನು ನಂಬಬೇಕು. ಬಿಸಿಲು ಮಳೆ ತಾಗದ ಜಾಗದಿಂದ ತಂದ ಮಣ್ಣು ಸರಿಯಾದದ್ದೋ ಅಲ್ಲವೋ ಎಂದು ನಾಲಿಗೆಗೆ ಇಟ್ಟು ನೋಡುವುದುಂಟು. ಅದರಲ್ಲಿ ಏನೇನಿದೆ ಎಂಬುದು ಅವನು ತೂಕ ಹಾಕಿ ಬೆರೆಸಿದ್ದಲ್ಲ, ಕಾಲ ಬೆರೆಸಿದ್ದು. ಶ್ರದ್ಧೆ ಮತ್ತು ಪರಿಪೂರ್ಣತೆಯ ಹಟ ಬೇರೆ ಬೇರೆ ಎಂಬುದನ್ನು ನಾನು ಈ ಕಸುಬಿನಿಂದ ಅರ್ಥ ಮಾಡಿಕೊಂಡೆ. ಶ್ರದ್ಧೆ ಕೈಗೆ ಸಂಬಂಧಿಸಿದ್ದು. ಹಟ ಫಲಕ್ಕೆ ಸಂಬಂಧಿಸಿದ್ದು; ಅದು ಮಣ್ಣಿಗೂ ಬೆಳಕಿಗೂ ಪಾಲು ಕೊಡಲು ಒಪ್ಪುವುದಿಲ್ಲ.

ಹಟ ಬಿಟ್ಟವರು

ಛಾಯಾಗ್ರಹಣದ ಚರಿತ್ರೆಯಲ್ಲಿ ಈ ಹಟ ಬಿಟ್ಟ ಮೊದಲಿಗರಲ್ಲಿ ಒಬ್ಬಳು 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್. ಇವಳು ಕ್ಯಾಮೆರಾ ಹಿಡಿದದ್ದು 1863ರಲ್ಲಿ, 48ನೇ ವಯಸ್ಸಿನಲ್ಲಿ. ಇವಳ ಚಿತ್ರಗಳಲ್ಲಿ ಮುಖ ಕೊಂಚ ಮಸುಕು, ಫಲಕದ ಮೇಲೆ ಗೀರು, ಅಂಚಿನಲ್ಲಿ ಬೆರಳಚ್ಚು. ಅಂದಿನ ಛಾಯಾಗ್ರಹಣ ಸಂಘದವರು, ಈಕೆಗೆ ಕೆಲಸ ಬರುವುದಿಲ್ಲ ಎಂದು ಟೀಕಿಸಿದರು. ಇವಳು ಫೋಕಸ್ ಮಾಡುತ್ತಾ ಹೋಗಿ, ತನ್ನ ಕಣ್ಣಿಗೆ ಚೆಂದ ಕಂಡಲ್ಲಿ ನಿಲ್ಲಿಸುತ್ತಿದ್ದಳು. ಇನ್ನೂ ಸ್ಪಷ್ಟವಾಗಲಿ ಎಂದು ಮುಂದುವರಿಯುತ್ತಿರಲಿಲ್ಲ. ಟೀಕಿಸಿದ ಸಂಘದವರ ಚೊಕ್ಕ ಚಿತ್ರಗಳಲ್ಲಿ ಬಹುಪಾಲು ಮರೆತುಹೋಗಿವೆ. ಕ್ಯಾಮೆರಾನ್ ತೆಗೆದ ಮುಖಗಳು ಈಗಲೂ ನಮ್ಮನ್ನು ನೋಡುತ್ತಿವೆ.

1888ರಲ್ಲಿ ಜಾರ್ಜ್ ಈಸ್ಟ್‌ಮನ್ ಕೊಡಾಕ್ ಕ್ಯಾಮೆರಾವನ್ನು ಮಾರುಕಟ್ಟೆಗೆ ಬಿಟ್ಟ. ಅದರಲ್ಲಿ ನೂರು ಚಿತ್ರಗಳಿಗಾಗುವಷ್ಟು ಫಿಲ್ಮ್ ಇರುತ್ತಿತ್ತು. ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಿದರೆ ಅವರು ಚಿತ್ರ ತೊಳೆದು ಕೊಡುತ್ತಿದ್ದರು. ರಾಸಾಯನಿಕ ಗೊತ್ತಿಲ್ಲದವರೂ ಫೋಟೋ ತೆಗೆಯತೊಡಗಿದರು. ತಲೆ ಕತ್ತರಿಸಿಹೋದ, ಓರೆಯಾದ, ಮಗು ಓಡಿಬಂದು ಅಡ್ಡ ನಿಂತ ಚಿತ್ರಗಳು ಮೊದಲ ಬಾರಿಗೆ ಮನೆಗಳಲ್ಲಿ ತುಂಬಿಕೊಂಡವು. ಇದಕ್ಕೆ ಉತ್ತರವಾಗಿ ಕಲಾವಿದರೆನಿಸಿಕೊಂಡವರು ಇನ್ನಷ್ಟು ಕಠಿಣ ನಿಯಮಗಳನ್ನು ಮಾಡಿಕೊಂಡರು. ಸಾಮಾನ್ಯರ ಕೈಗೆ ಸಾಧನ ಸಿಕ್ಕಾಗಲೆಲ್ಲ ನಿಯಮದ ಬೇಲಿ ಎತ್ತರವಾಗುತ್ತದೆ. ಸಾಹಿತ್ಯ ಓದುವವರಿಗೆ ಇದು ಹೊಸ ಕಥೆಯೇನಲ್ಲ.

20ನೇ ಶತಮಾನದ ನಡುವೆ ಈ ಬೇಲಿ ಹಲವು ಕಡೆ ಮುರಿಯಿತು. ರಾಬರ್ಟ್ ಫ್ರಾಂಕ್ ಅಮೆರಿಕವನ್ನು ಸುತ್ತಿ ಮಾಡಿದ ಪುಸ್ತಕ 1958ರಲ್ಲಿ ಪ್ಯಾರಿಸ್ಸಿನಲ್ಲೂ ಮರುವರ್ಷ ಅಮೆರಿಕದಲ್ಲೂ ಪ್ರಕಟವಾದಾಗ ವಿಮರ್ಶಕರು ಮಸುಕು, ಕಾಳುಕಾಳು, ಓರೆ ದಿಗಂತ ಎಂದು ಜರೆದರು. ಇಂದು ಅದಿಲ್ಲದೆ ಛಾಯಾಗ್ರಹಣದ ಪಠ್ಯವೇ ಇಲ್ಲ. ಜಪಾನಿನಲ್ಲಿ 1968ರಲ್ಲಿ ಆರಂಭವಾದ ‘ಪ್ರೊವೋಕ್’ ಎಂಬ ಪತ್ರಿಕೆಯ ಬಳಗ ಅಲುಗಾಟ, ಮಸುಕು, ಒರಟುತನಗಳನ್ನೇ ಭಾಷೆಯಾಗಿಸಿಕೊಂಡಿತು. ಯುದ್ಧ ಸೋತು, ದಿಢೀರನೆ ಶ್ರೀಮಂತವಾದ ದೇಶದ ಗೊಂದಲವನ್ನು ನುಣುಪಾದ ಚಿತ್ರ ಹಿಡಿಯಲಾರದು ಎಂಬುದು ಅವರ ಅನಿಸಿಕೆ.

ಕರ್ನಾಟಕದಲ್ಲಿ ಏನಾಯಿತು? ಇಲ್ಲಿ ಬಹುಕಾಲ ಸ್ಪರ್ಧಾ ಛಾಯಾಗ್ರಹಣವೇ ಬಲವಾಗಿತ್ತು. 1953ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಛಾಯಾಗ್ರಹಣ ಒಕ್ಕೂಟ, ಅದರಡಿಯ ಸಂಘಗಳು, ಸಲೋನ್ ಎಂದು ಕರೆಯುವ ಪ್ರದರ್ಶನ-ಸ್ಪರ್ಧೆಗಳು, ಅಂಕಗಳು, ಪದವಿಗಳು. ಈ ಪರಂಪರೆ ನಮಗೆ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ದೊಡ್ಡ ವನ್ಯಜೀವಿ ಛಾಯಾಗ್ರಾಹಕರನ್ನು ಕೊಟ್ಟಿತು ಎಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಅದರ ನಿಯಮಗಳನ್ನೂ ಗಮನಿಸಬೇಕು. ಪ್ರಕೃತಿ ವಿಭಾಗಕ್ಕೆ ಕಳಿಸುವ ಚಿತ್ರದಲ್ಲಿ ಮನುಷ್ಯನ ಗುರುತು ಇರಬಾರದು ಎಂಬುದು ಅಂತರರಾಷ್ಟ್ರೀಯ ಸ್ಪರ್ಧೆಗಳ ನಿಯಮ. ಮನುಷ್ಯರ ಕಟ್ಟಡಗಳಿಗೆ ಹೊಂದಿಕೊಂಡ ಕಣಜಗೂಬೆಯಂಥ ಜೀವಿಗಳಿಗೆ ರಿಯಾಯಿತಿ ಉಂಟು. ಸ್ಮಾರಕದ ಚಿತ್ರದಿಂದ ಜನ ಹೊರಗೆ, ಪ್ರಕೃತಿಯ ಚಿತ್ರದಿಂದಲೂ ಜನ ಹೊರಗೆ. ಮೇಯುವ ಎಮ್ಮೆಯ ಬೆನ್ನ ಮೇಲೆ ಕೂತ ಬೆಳ್ಳಕ್ಕಿಯನ್ನು ದಿನವೂ ನೋಡುವ ನಮ್ಮೂರಿನವರಿಗೆ, ಎಮ್ಮೆ ಕಾಯುವವನು ಬಾರದ ಹಾಗೆ ಆ ಚಿತ್ರ ತೆಗೆಯಬೇಕು ಎಂದರೆ ನಗು ಬರುತ್ತದೆ.

ಇದರ ಪಕ್ಕದಲ್ಲೇ ಬೇರೊಂದು ದಾರಿ ಇತ್ತು. ಮೈಸೂರಿನ ಟಿ.ಎಸ್. ಸತ್ಯನ್ (1923-2009) ಪತ್ರಿಕೆಗಳಿಗಾಗಿ ದೇಶ ಸುತ್ತಿ ಸಾಮಾನ್ಯರ ಬದುಕನ್ನು ಹಿಡಿದವರು. ಅವರು ತೆಗೆದ ಮಕ್ಕಳ ಚಿತ್ರಗಳು ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಸತ್ಯನ್ನರ ಚಿತ್ರ ನೋಡುವಾಗ ಬೆಳಕು ಎಲ್ಲಿಂದ ಬಂತು, ಚೌಕಟ್ಟು ಹೇಗಿದೆ ಎಂಬ ಪ್ರಶ್ನೆ ಆಮೇಲೆ ಬರುತ್ತದೆ. ಮೊದಲು ಕಾಣುವುದು ಮಗು. ಇನ್ನೊಂದು ತುದಿಯಲ್ಲಿ ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ ಚಿತ್ರಮಾಲೆಯಲ್ಲಿ ರವಿವರ್ಮನ ದೇವತೆಗಳಿಂದ ಹಿಡಿದು ಪೊಲೀಸ್ ದಾಖಲೆಯ ಫೋಟೋಗಳವರೆಗೆ ದಕ್ಷಿಣ ಭಾರತದ ಹೆಣ್ಣುಗಳ ಪ್ರಸಿದ್ಧ ಚಿತ್ರಗಳನ್ನು ತಾವೇ ವೇಷ ಹಾಕಿ ಮರುಸೃಷ್ಟಿಸಿದರು. ಬಣ್ಣ ಬಳಿದ ಪರದೆ, ರಂಗಸಜ್ಜಿಕೆ ಎಲ್ಲ ಕಣ್ಣಿಗೆ ಬೀಳುತ್ತವೆ. ‘ಪರಿಪೂರ್ಣ ಹೆಣ್ಣು’ ಎಂಬುದು ಹೇಗೆ ತಯಾರಾದ ಸರಕು ಎಂದು ಆ ಚಿತ್ರಗಳೇ ಬಾಯಿಬಿಡುತ್ತವೆ.

ಚಿಂತಾಕಿಯ ಗೋಡೆಗಳು

ಈಗ ಹಳ್ಳಿಗೆ ಬರೋಣ. ಗಡಿನಾಡಿನ ಊರುಗಳಲ್ಲಿ ಫೋಟೋ ಎಂಬುದು ತೀರಾ ಇತ್ತೀಚಿನವರೆಗೂ ಪೇಟೆಗೆ ಹೋಗಿ ಮಾಡಿಸಿಕೊಂಡು ಬರುವ ಕೆಲಸ. ಔರಾದ್, ಉದಗೀರ್, ನಾರಾಯಣಖೇಡ, ಯಾವುದು ಹತ್ತಿರವೋ ಅಲ್ಲಿಗೆ. ಲಗ್ನಕ್ಕೆ ಫೋಟೋದವನು ಊರಿಗೇ ಬಂದರೆ ಅದೊಂದು ಸಂಭ್ರಮ. ಒಂದು ರೋಲಿಗೆ 36 ಫೋಟೋ, ಒಂದೊಂದಕ್ಕೂ ದುಡ್ಡು. ‘ಅಳ್ಳಾಡಬ್ಯಾಡ್ರಿ, ಕಣ್ಣು ಮುಚ್ಚಬ್ಯಾಡ್ರಿ’ ಎಂದು ಅವನು ಕೂಗುತ್ತಿದ್ದದ್ದು ಕಲೆಗಾಗಿ ಅಲ್ಲ, ರೋಲು ಉಳಿಸಲು. ಬಡತನದಲ್ಲಿ ಪರಿಪೂರ್ಣತೆ ಎಂದರೆ ದುಡ್ಡು ಹಾಳಾಗಬಾರದು ಎಂಬ ಎಚ್ಚರ. ಅದನ್ನು ಗೇಲಿ ಮಾಡುವ ಹಕ್ಕು ಯಾರಿಗೂ ಇಲ್ಲ.

ನನ್ನ ಸಂಶೋಧನೆಯ ನಡುವೆ ಹಳೆಯ ಲಗ್ನದ ಆಲ್ಬಮ್ಮುಗಳನ್ನು ನೋಡುತ್ತಾ ಬಂದಾಗ ಒಂದು ವಿಷಯ ಗಮನಕ್ಕೆ ಬಂತು. ಆಲ್ಬಮ್ಮಿನಲ್ಲಿ ಅಂಟಿಸಿದ ಚಿತ್ರಗಳು ಎಲ್ಲ ಮನೆಗಳಲ್ಲೂ ಹೆಚ್ಚು ಕಡಿಮೆ ಒಂದೇ. ಅಕ್ಷತೆ, ಆಹೇರಿ, ಸಾಲಾಗಿ ನಿಂತ ಬೀಗರು. ಬೇರೆ ಏನಾದರೂ ಸಿಗಬೇಕೆಂದರೆ ಆಲ್ಬಮ್ಮಿನ ಹಿಂದಿನ ಲಕೋಟೆ ತೆಗೆಯಬೇಕು. ಅಲ್ಲಿ ಅಂಟಿಸದೆ ಉಳಿದ ‘ಖರಾಬ್’ ಫೋಟೋಗಳಿರುತ್ತವೆ. ಅವುಗಳಲ್ಲಿ ಒಂದು ಜಾತಿ ವಿಶೇಷ. ಕ್ಯಾಮೆರಾಕ್ಕೆ ಹೊಸ ರೋಲು ಹಾಕಿದ ಮೇಲೆ ಫಿಲ್ಮ್ ಮುಂದೆ ಸರಿಯಲೆಂದು ಒಂದೆರಡು ಸಲ ಸುಮ್ಮನೆ ಒತ್ತುತ್ತಿದ್ದರು. ರೋಲು ಹಾಕುವಾಗ ಫಿಲ್ಮಿನ ತುದಿಗೆ ಬೆಳಕು ತಾಗಿರುವುದರಿಂದ ಆ ಚಿತ್ರದ ಅರ್ಧ ಭಾಗ ಸುಟ್ಟು ಕೆಂಪಗೆ, ಹಳದಿಯಾಗಿ ಹೋಗಿರುತ್ತದೆ. ಉಳಿದರ್ಧದಲ್ಲಿ ಯಾರೂ ತೆಗೆಯಬೇಕೆಂದುಕೊಳ್ಳದ ದೃಶ್ಯ ಇರುತ್ತದೆ.

ನಮ್ಮ ಮನೆಯ ಲಕೋಟೆಯಲ್ಲಿ ಅಂಥದ್ದೊಂದಿದೆ. ಎಡಕ್ಕೆ ಬೆಂಕಿಯ ಬಣ್ಣ. ಬಲಕ್ಕೆ ಹಿತ್ತಲಿನ ಒಲೆ, ತಗಡಿನ ಮರೆ, ದೊಡ್ಡ ಪಾತ್ರೆಯಲ್ಲಿ ಬ್ಯಾಳಿ ತಿರುವುತ್ತಿರುವ ಮೂವರು ಹೆಂಗಸರು, ಅವರಲ್ಲಿ ಒಬ್ಬಳು ಕ್ಯಾಮೆರಾ ನೋಡದೆ ಏನೋ ಹೇಳಿ ನಗುತ್ತಿದ್ದಾಳೆ. ಮುಖ ಅಲುಗಾಡಿದೆ. ಆ ಲಗ್ನಕ್ಕೆ ಅಡುಗೆ ಮಾಡಿದವರು ಆಲ್ಬಮ್ಮಿನ ಬೇರೆ ಯಾವ ಫೋಟೋದಲ್ಲೂ ಇಲ್ಲ. ಇದ್ದರೂ ಊಟದ ಸಾಲಿನ ಅಂಚಿನಲ್ಲಿ ಒಂದು ಕೈ, ಒಂದು ಸೌಟು. ಯಾರು ಸಾಲಾಗಿ ನಿಂತರು, ಯಾರು ನಿಲ್ಲಲಿಲ್ಲ ಎಂಬುದರಲ್ಲಿ ಜಾತಿ, ಬಡತನ, ಗಂಡು-ಹೆಣ್ಣಿನ ಲೆಕ್ಕ ಎಲ್ಲ ಸೇರಿದೆ. ಆ ಲೆಕ್ಕವನ್ನು ತಪ್ಪಿಸಿ ಒಳಗೆ ಬಂದದ್ದು ಸುಟ್ಟುಹೋದ ಫೋಟೋ ಒಂದೇ.

ಇದರ ಎದುರಿಗೆ ಇನ್ನೊಂದು ಚಿತ್ರವನ್ನು ಇಡುತ್ತೇನೆ. ನಮ್ಮ ಆಯಿ ತೀರಿಕೊಂಡ ಮೇಲೆ ಗೋಡೆಗೆ ಹಾಕಲು ದೊಡ್ಡ ಫೋಟೋ ಬೇಕಾಯಿತು. ಇದ್ದದ್ದು ಆಧಾರ್ ಕಾರ್ಡಿನ ಫೋಟೋ ಒಂದೇ. ಪೇಟೆಯ ಅಂಗಡಿಯೊಂದರಲ್ಲಿ ಅದನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡಿ ಕೊಟ್ಟರು. ಹಿಂದೆ ನೀಲಿ ಆಕಾಶ ಬಂತು. ಮೈಮೇಲೆ ಆಕೆ ಎಂದೂ ಉಡದ ಜರಿ ಸೀರೆ ಬಂತು. ಬಣ್ಣ ನಾಲ್ಕು ಪಟ್ಟು ಬೆಳ್ಳಗಾಯಿತು. ಹಣೆಯ ಮೇಲೆ, ಗದ್ದದ ಮೇಲೆ ಇದ್ದ ಹಚ್ಚೆಯ ಹಸಿರು ಚುಕ್ಕೆಗಳು ಕಲೆಗಳೆಂದು ಅಳಿಸಿಹೋದವು. ಚಿತ್ರ ನೋಡಿದ ನಮ್ಮ ಸೋದರತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಫೋಟು ಛಲೋ ಬಂದದ, ಆದ್ರ ಆಯಿ ಬಂದಿಲ್ಲ’ ಎಂದಳು.

ಆ ಅಂಗಡಿಯವನು ಕೆಟ್ಟ ಉದ್ದೇಶದಿಂದ ಹಾಗೆ ಮಾಡಿದ್ದಲ್ಲ. ಅವನು ಮಾಡಿದ್ದು ಗಾಜಿನ ಫಲಕದ ಮೇಲೆ ಪೆನ್ಸಿಲ್ ಆಡಿಸುತ್ತಿದ್ದವರ ಕೆಲಸವನ್ನೇ. ದರಬಾರಿನಲ್ಲಿ ಹುಟ್ಟಿದ ಸೌಂದರ್ಯದ ಅಳತೆ ನೂರಿಪ್ಪತ್ತು ವರ್ಷ ನಡೆದು ಹಳ್ಳಿಯ ಮುದುಕಿಯ ಹಣೆಯವರೆಗೆ ಬಂದಿದೆ, ಅಷ್ಟೇ. ಆದರೆ ಹಚ್ಚೆ ಕಲೆಯಲ್ಲ. ಯಾವ ಸಂತೆಯಲ್ಲಿ, ಯಾರ ಕೈಯಲ್ಲಿ, ಯಾವ ವಯಸ್ಸಿನಲ್ಲಿ ಹಾಕಿಸಿಕೊಂಡದ್ದು ಎಂಬುದನ್ನು ಈ ಭಾಗದ ಹೆಂಗಸರು ಕಥೆಯಾಗಿ ಹೇಳುತ್ತಾರೆ. ಬರಹ ಬಾರದ ಒಂದು ಪೀಳಿಗೆಗೆ ಮೈಮೇಲೆ ಇದ್ದ ಒಂದೇ ದಾಖಲೆ ಅದು. ಅದನ್ನು ಅಳಿಸಿದ ಚಿತ್ರ ತಾಂತ್ರಿಕವಾಗಿ ಎಷ್ಟೇ ಚೊಕ್ಕವಾಗಿರಲಿ, ಚರಿತ್ರೆಯ ದೃಷ್ಟಿಯಿಂದ ಅದು ಹಾಳಾದ ಚಿತ್ರ.

ಈಗ ಈ ಕೆಲಸವನ್ನು ಮೊಬೈಲ್ ತಾನಾಗಿಯೇ ಮಾಡುತ್ತದೆ. ಎಷ್ಟೋ ಫೋನುಗಳು ಕೇಳದೆಯೇ ಚರ್ಮ ನುಣುಪು ಮಾಡುತ್ತವೆ. ನಾವು ಹತ್ತು ಫೋಟೋ ತೆಗೆದು ಒಂಬತ್ತನ್ನು ಅಲ್ಲೇ ಅಳಿಸುತ್ತೇವೆ. ಲಕೋಟೆಯ ಹಿಂದೆ ಉಳಿಯುತ್ತಿದ್ದ ಖರಾಬ್ ಫೋಟೋಗಳು ಈಗ ಹುಟ್ಟುವ ಮೊದಲೇ ಸಾಯುತ್ತಿವೆ. ಲಗ್ನಗಳಿಗೆ ಕರಿಜ್ಮಾ ಆಲ್ಬಂ ಬಂದಿದೆ. ದಪ್ಪ ಹಾಳೆಯ ಮೇಲೆ ಹೆಣ್ಣು ಗಂಡಿನ ಹಿಂದೆ ಸ್ವಿಟ್ಜರ್ಲೆಂಡಿನ ಹಿಮ ಇರುತ್ತದೆ. ಹಿತ್ತಲಿನ ಒಲೆಗೆ ಅಲ್ಲಿ ಜಾಗವಿಲ್ಲ. ನೂರು ವರ್ಷದ ನಂತರ ಚಿಂತಾಕಿಯ ಬಗ್ಗೆ ಬರೆಯುವ ಸಂಶೋಧಕಿಗೆ ನಮ್ಮ ಕಾಲದಿಂದ ಲಕ್ಷಾಂತರ ಫೋಟೋ ಸಿಗಬಹುದು. ಅವುಗಳಲ್ಲಿ ಚಿಂತಾಕಿ ಎಷ್ಟು ಸಿಗುತ್ತದೆ ಎಂಬುದೇ ಪ್ರಶ್ನೆ.

ಬಿಡುವುದು ಏನನ್ನು?

ಹಾಗಾದರೆ ಹೇಗೆ ತೆಗೆದರೂ ನಡೆಯುತ್ತದೆಯೇ? ಇಲ್ಲ. ಮಸುಕನ್ನೇ ಫ್ಯಾಶನ್ ಮಾಡಿಕೊಂಡು, ಬೇಕೆಂದೇ ಗೀರು ಹಾಕಿ, ಹಳೆಯ ಫಿಲ್ಮಿನ ಹಾಗೆ ಕಾಣುವ ಫಿಲ್ಟರ್ ಬಳಸುವುದೂ ಈಗ ಒಂದು ರೂಢಿ. ಅದು ಪರಿಪೂರ್ಣತೆಯ ಹಟದ್ದೇ ಇನ್ನೊಂದು ವೇಷ. ಕೊರತೆಯನ್ನೂ ಲೆಕ್ಕ ಹಾಕಿ ಅಂಟಿಸುವ ಕೆಲಸ. ಬಿದ್ರಿಯವನ ಕೈಯಲ್ಲಿರುವ ಶ್ರದ್ಧೆ ಛಾಯಾಗ್ರಾಹಕನಿಗೂ ಬೇಕು. ಬೆಳಕು ಕಲಿಯಬೇಕು, ಕಾಯುವುದು ಕಲಿಯಬೇಕು. ಹಕ್ಕಿಗಳ ಬೆನ್ನು ಹತ್ತಿ ಕಾಡು ಅಲೆದ ಪೂರ್ಣಚಂದ್ರ ತೇಜಸ್ವಿಯವರನ್ನು ಓದಿದವರಿಗೆ ಗೊತ್ತು, ಅಲ್ಲಿ ಸಿಕ್ಕ ಚಿತ್ರಕ್ಕಿಂತ ತಪ್ಪಿಹೋದ ಹಕ್ಕಿಯ ಬಗ್ಗೆಯೇ ಹೆಚ್ಚು ಬೆರಗು. ಎದುರಿಗಿರುವ ಜೀವ ನನ್ನ ಚೌಕಟ್ಟಿಗೆ ಬಾಕಿ ಏನೂ ಉಳಿಸಿಕೊಂಡಿಲ್ಲ ಎಂಬ ವಿನಯ ಅದು.

ಬಿಡಬೇಕಾದದ್ದು ಆ ಬಾಕಿಯ ಭಾವನೆಯನ್ನು. ಆಕಾಶ ನನಗೆ ಮೋಡ ಕೊಡಬೇಕಿತ್ತು, ಜನ ಅಡ್ಡ ಬರಬಾರದಿತ್ತು, ಆಯಿಯ ಮುಖದ ಮೇಲೆ ಚುಕ್ಕೆ ಇರಬಾರದಿತ್ತು ಎಂಬ ಎಣಿಕೆಯನ್ನು. ಟ್ರೈಪ್ ಮೋಡ ಬರೆಯದೆ ಬಿಟ್ಟಿದ್ದರೆ ಆ ಬಿಳಿಯ ಆಕಾಶ ಅವನ ಕಾಲದ ರಾಸಾಯನಿಕದ ಬಗ್ಗೆ ಒಂದು ನಿಜ ಹೇಳುತ್ತಿತ್ತು. ಮದರಸಾದ ಮುಂದೆ ನಾವು ಎರಡು ಹೆಜ್ಜೆ ಸರಿಯದೆ ನಿಂತರೆ ಮುರಿದ ಪಕ್ಕವೂ ಚಿತ್ರದೊಳಗೆ ಬರುತ್ತದೆ.

ವಿದ್ಯಾರ್ಥಿ ಗೆಳೆಯರಿಗೆ ಒಂದು ಸಣ್ಣ ಕೆಲಸ ಹೇಳುತ್ತೇನೆ. ಮುಂದಿನ ಸಲ ಊರಿಗೆ ಹೋದಾಗ ಆಲ್ಬಂ ಬಿಟ್ಟು ಅದರ ಹಿಂದಿನ ಲಕೋಟೆ ಕೇಳಿ. ನೆಗೆಟಿವ್ ಇದ್ದರೆ ತಂಪಾದ, ಒಣಗಿದ ಜಾಗದಲ್ಲಿ ಇಡಿ. ಅಲುಗಾಡಿದ, ಸುಟ್ಟ, ತಲೆ ಕತ್ತರಿಸಿಹೋದ ಒಂದೊಂದು ಫೋಟೋವನ್ನೂ ಮನೆಯ ಹಿರಿಯರ ಮುಂದೆ ಹಿಡಿದು, ಇವರು ಯಾರು ಎಂದು ಕೇಳಿ. ಹೇಳಿದ ಹೆಸರನ್ನು ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ, ಬರೆಯಿರಿ. ಬ್ಯಾಳಿ ತಿರುವುತ್ತಾ ನಗುತ್ತಿರುವ ಆ ಹೆಂಗಸಿನ ಹೆಸರು ನಮ್ಮ ಮನೆಯಲ್ಲಿ ಈಗ ಒಬ್ಬರಿಗೆ ಮಾತ್ರ ಗೊತ್ತಿದೆ. ಅವರಿಗೆ ಎಂಬತ್ತು ದಾಟಿದೆ.